ಹಣ್ಣಾಗದ ಕಾಯಿ

"ಬುದ್ಧಿ, ಚೆನ್ನಾಗಿ ನಡೆದ ಆಟ ಕೊನೆಗೆ ಬಂದು ಯಾಕೆ ಕೆಡುತ್ತದೆ?" ಎಂದು ಚನ್ನವೀರ ಕೇಳಿದ.

ಆ ಮಠದಲ್ಲಿ ಗುರುಗಳನ್ನು ಎಲ್ಲರೂ ಬುದ್ಧಿ ಎಂದೇ ಕರೆಯುತ್ತಿದ್ದರು. ಅವರು ಬೆಳಗಿನ ಪ್ರಸಾದ ಮುಗಿಸಿ ಜಗಲಿಯ ಮೇಲೆ ಕುಳಿತಿದ್ದರು. ಚನ್ನವೀರ ಸಂಸ್ಕೃತ ಕಲಿಯಲು ಬಂದ ಶಿಷ್ಯ. ಪಾಠದ ಜೊತೆಗೆ ಅವನಿಗೆ ಮೊಬೈಲಿನಲ್ಲಿ ಆಡುವ ಚಟವೂ ಇತ್ತು. ಬುದ್ಧಿಯವರಿಗೆ ಅದು ಗೊತ್ತಿತ್ತು. ಅವನೇ ಬಾಯಿ ಬಿಡಲಿ ಎಂದು ಇಷ್ಟು ದಿನ ಸುಮ್ಮನಿದ್ದರು.

"ಯಾವ ಆಟವಯ್ಯ?"

"ಏಳು ಕೋಟೆಯ ಆಟ, ಬುದ್ಧಿ. ಏಳನೇ ಕೋಟೆಯಲ್ಲಿ ಒಬ್ಬ ರಾಜ ಸೆರೆಯಲ್ಲಿದ್ದಾನೆ. ಅವನನ್ನು ಬಿಡಿಸೋಕೆ ನಾಲ್ಕು ತಿಂಗಳು ಹೊಡೆದಾಡಿದೆ. ನಿನ್ನೆ ಬಾಗಿಲು ತೆರೀತು. ಅಷ್ಟೇ. ಪರದೆ ಬೆಳ್ಳಗಾಯ್ತು. ಆಟ ಮಾಡಿದವರ ಹೆಸರುಗಳು ಸಾಲಾಗಿ ಮೇಲಕ್ಕೆ ಹೋದವು. ಆಮೇಲೆ ನೋಡಿದರೆ ಮತ್ತೆ ಮೊದಲನೇ ಕೋಟೆ! ರಾಜ ಬದುಕಿದ್ದನೋ ಸತ್ತಿದ್ದನೋ, ಏನೂ ಹೇಳಲಿಲ್ಲ."

ನಿನ್ನೆಯಿಂದ ಅವನು ಊಟ ಬಿಟ್ಟಿದ್ದ.

"ನಾಲ್ಕು ತಿಂಗಳಲ್ಲಿ ಒಂದು ಶಬ್ದರೂಪ ಬಾಯಿಗೆ ಬರಲಿಲ್ಲ, ಕೋಟೆ ಮಾತ್ರ ಏಳು ಬಿತ್ತು," ಎಂದು ಬುದ್ಧಿಯವರು ನಕ್ಕರು. "ಇರಲಿ. ಕೂತುಕೋ. ಒಂದು ಕತೆ ಹೇಳುತ್ತೇನೆ."

ಒಂದು ಊರಿನಲ್ಲಿ ಇಬ್ಬರು ಅಣ್ಣತಮ್ಮಂದಿರಿದ್ದರು. ಅಪ್ಪ ಕಾಲವಾದ ಮೇಲೆ ಪಾಲಾದರು. ಹೊಲ ಹಂಚಿಕೊಂಡರು. ದನ ಹಂಚಿಕೊಂಡರು. ಮನೆಯ ನಡುವೆ ಗೋಡೆ ಎಬ್ಬಿಸಿದರು. ಒರಳು ಅಣ್ಣನಿಗೆ ಬಂತು, ಗುಂಡು ತಮ್ಮನಿಗೆ ಬಂತು, ಎರಡು ಮನೆಯಲ್ಲೂ ರುಬ್ಬುವುದು ನಿಂತಿತು. ಹಟ ಅಂದರೆ ಅದು.

ಉಳಿದದ್ದು ಹಿತ್ತಿಲ ಬಾವಿ. ಬಾವಿಗೆ ಗೋಡೆ ಹಾಕಲು ಆಗುವುದಿಲ್ಲ. ಊರಿನ ಬೇರೆ ಬಾವಿಗಳ ನೀರೆಲ್ಲ ಉಪ್ಪು, ಅದೊಂದೇ ಸಿಹಿ. ಅದನ್ನು ಕಳೆದುಕೊಂಡವನು ಕುಡಿಯುವ ನೀರಿಗೆ ಅರ್ಧ ಹರಿದಾರಿ ದೂರದ ಕೆರೆಗೆ ನಡೆಯಬೇಕು. ತಮ್ಮನ ಹೆಂಡತಿ ತುಂಬಿದ ಬಸುರಿ. ಅಣ್ಣನ ಹೆಂಡತಿಗೆ ಮಂಡಿನೋವು. ಆದ್ದರಿಂದ ಇಬ್ಬರೂ ಬಿಡಲಿಲ್ಲ. ಒಬ್ಬರ ಹಗ್ಗ ಒಬ್ಬರು ಕೊಯ್ದರು. ಒಬ್ಬರ ಕೊಡ ಒಬ್ಬರು ಒಡೆದರು. ಕೊನೆಗೆ ಮಾತು ಬಿಟ್ಟರು.

ಊರ ಗೌಡ ಒಂದು ತಿಂಗಳು ಪಂಚಾಯಿತಿ ಮಾಡಿ ಸೋತ. "ಚೌಕಾಬಾರ ಆಡಿ," ಎಂದ. "ಯಾರ ನಾಲ್ಕು ಕಾಯೂ ಮೊದಲು ಹಣ್ಣಾಗ್ತವೋ ಬಾವಿ ಅವನದು. ಆಟ ಮುಗಿಯೋವರ್ಗೂ ಇಬ್ರೂ ನೀರು ಸೇದ್ಕೊಳ್ಳಿ. ನನ್ನ ತಲೆ ತಿನ್ಬೇಡಿ."

"ಆಟ ನಿನಗೆ ಗೊತ್ತಲ್ಲ?" ಎಂದು ಬುದ್ಧಿಯವರು ನಡುವೆ ಕೇಳಿದರು.

"ಇಲ್ಲ, ಬುದ್ಧಿ."

"ಏಳು ಕೋಟೆ ಗೊತ್ತು, ಇಪ್ಪತ್ತೈದು ಮನೆ ಗೊತ್ತಿಲ್ಲ. ಕೇಳು."

ನೆಲದ ಮೇಲೆ ಐದಕ್ಕೆ ಐದು ಮನೆ ಬರೆಯುತ್ತಾರೆ. ಕವಡೆ ನಾಲ್ಕು. ಎಸೆದಾಗ ಅಂಗಾತ ಬಿದ್ದಷ್ಟು ಮನೆ ಕಾಯಿ ನಡೆಸಬೇಕು, ನಾಲ್ಕೂ ಬೋರಲು ಬಿದ್ದರೆ ಎಂಟು. ಎದುರಾಳಿಯ ಒಂದು ಕಾಯನ್ನಾದರೂ ಹೊಡೆಯದವನಿಗೆ ಒಳಸುತ್ತಿಗೆ ದಾರಿಯಿಲ್ಲ. ಏಟು ತಿಂದ ಕಾಯಿ ಮತ್ತೆ ಮೊದಲಿಂದ ಹೊರಡಬೇಕು. ಎಲ್ಲ ಸುತ್ತು ಮುಗಿಸಿ ನಡುಮನೆ ಸೇರಿದ ಕಾಯಿಗೆ ಹಣ್ಣು ಎನ್ನುತ್ತಾರೆ.

ಗೌಡನ ಚಾವಡಿಯಲ್ಲಿ ಆಟ ಶುರುವಾಯಿತು. ಗಾಣಿಗ ಗಾಣ ನಿಲ್ಲಿಸಿ ಬಂದ. ಅಗಸ ಬಟ್ಟೆ ನೆನೆಯಲು ಬಿಟ್ಟು ಬಂದ. ಪರವೂರಿನ ಒಬ್ಬ ಬಳೆಗಾರ ಆ ದಾರಿಯಲ್ಲಿ ಹೊರಟಿದ್ದವನು, ಗೆಲ್ಲುವವರು ಯಾರೆಂದು ನೋಡಿಯೇ ಹೋಗುತ್ತೇನೆ ಎಂದು ಬಳೆಯ ಮಲಾರ ಇಳಿಸಿ ಕೂತ. ಕೂತವನು ಮೂರು ದಿನ ಏಳಲಿಲ್ಲ. ಒಂದು ಕೈಗೂ ಬಳೆ ತೊಡಿಸಲಿಲ್ಲ.

ಆಟ ಮೂರು ದಿನ ಬೆಳೆಯಿತು. ಯಾಕೆಂದರೆ ಇಬ್ಬರೂ ಮುಂದೆ ಹೋಗುವುದಕ್ಕಿಂತ ಹೊಡೆಯುವುದಕ್ಕೇ ಆಡಿದರು. ನಡುಮನೆಯ ಹತ್ತಿರ ಬಂದ ಕಾಯಿ ಏಟು ತಿಂದು ಮತ್ತೆ ಹೊರಟ ಮನೆಗೇ ಬರುತ್ತಿತ್ತು.

ಮೊದಲ ದಿನ ಅವರು ಮಾತಾಡಲಿಲ್ಲ, ಬೆರಳಲ್ಲೇ ಲೆಕ್ಕ ತೋರಿಸಿದರು. ಎರಡನೆಯ ದಿನ ತಮ್ಮ ನಾಲ್ಕು ಬಿದ್ದಾಗ ಐದು ಮನೆ ನಡೆಸಿದ. "ಲೋ, ಒಂದು ಹೆಚ್ಗೆ ಹೋದ್ಯಲ್ಲೋ," ಎಂದು ಅಣ್ಣನ ಬಾಯಿಂದ ಬಂದುಬಿಟ್ಟಿತು. ಮಾತು ಬಿಟ್ಟ ಮೇಲೆ ಅದೇ ಮೊದಲ ಮಾತು. ಆಮೇಲೆ ಬಾಯಿಗೆ ಬೀಗವಿರಲಿಲ್ಲ. ಕವಡೆ ಸರಿಯಾಗಿ ಮಗುಚಿತೋ ಇಲ್ಲವೋ ಎಂದು ಚಿಕ್ಕಂದಿನಲ್ಲಿ ಆಡಿದ ಹಾಗೆಯೇ ಜಗಳವಾಡಿದರು. ಆ ಜಗಳ ಇಬ್ಬರಿಗೂ ಹಿತವಾಗಿತ್ತು.

ಮೂರನೆಯ ದಿನ ಇಬ್ಬರೂ ತಡವಾಗಿ ಬಂದರು. ಹಿಂದಿನ ಎರಡು ದಿನ ಚಾವಡಿಯ ಬಾಗಿಲು ತೆಗೆಯುವ ಮೊದಲೇ ಬಂದು ಕಾದವರು ಅವರು. ಈಗ ಇಬ್ಬರಿಗೂ ಭಯವಾಗಿತ್ತು. ಸೋತರೆ ನೀರಿಲ್ಲ. ಗೆದ್ದರೆ ಈ ಎದುರಿಗೆ ಕೂತವನಿಲ್ಲ.

ಇಳಿಹೊತ್ತಿಗೆ ಇಬ್ಬರಿಗೂ ಮೂರು ಮೂರು ಕಾಯಿ ಹಣ್ಣಾಗಿದ್ದವು. ಕೊನೆಯ ಕಾಯಿ ಇಬ್ಬರದೂ ನಡುಮನೆಗೆ ಒಂದೇ ಮನೆ ದೂರದಲ್ಲಿತ್ತು. ಇನ್ನು ಹೆಚ್ಚು ಬಿದ್ದರೆ ಪ್ರಯೋಜನವಿಲ್ಲ. ಬೇಕಾದದ್ದು ಸರಿಯಾಗಿ ಒಂದು. ತಮ್ಮ ಎಸೆದ, ಮೂರು ಬಿತ್ತು. ಅಣ್ಣ ಎಸೆದ, ಎರಡು. ತಮ್ಮನಿಗೆ ಎಂಟು ಬಿತ್ತು. ಎಂಟು ಬಿದ್ದವನಿಗೆ ಇನ್ನೊಂದು ಸಲ ಎಸೆಯುವ ಹಕ್ಕಿದೆ, ಎಸೆದ, ಮತ್ತೆ ಮೂರು.

ಅಣ್ಣ ಕವಡೆಗಳನ್ನು ಕೈಯಲ್ಲಿ ಹಿಡಿದುಕೊಂಡು ಕೂತ.

"ಬೇಗ ಹಾಕಣ್ಣ. ನಂಗೆ ತಡಿಯಕ್ಕಾಗ್ತಿಲ್ಲ," ಎಂದ ತಮ್ಮ.

"ಒಂದು ಬಿದ್ರೆ ಏನ್ಮಾಡ್ತೀಯೋ?"

"ಮಾಡೋದೇನು, ಕೆರೆಗೆ ಹೋಗ್ತೀನಿ. ಅವಳನ್ನ ಈಗ ಕಳಿಸಕ್ಕಾಗಲ್ಲ. ನಾನೇ ಹೊರ್ತೀನಿ."

ಅಣ್ಣ ಎಸೆದ. ಒಂದು ಬಿತ್ತು.

ಬಳೆಗಾರ ಎದ್ದು ನಿಂತ. ಮೂರು ದಿನ ಅವನು ಕಾದದ್ದು ಅದಕ್ಕೇ.

ಅಣ್ಣ ತನ್ನ ಕೊನೆಯ ಕಾಯಿ ಎತ್ತಿಕೊಂಡ. ಚೌಕಾಬಾರಕ್ಕೆ ಇಂಥದೇ ಕಾಯಿ ಆಗಬೇಕೆಂದಿಲ್ಲ, ಕೈಗೆ ಸಿಕ್ಕಿದ್ದೇ ಕಾಯಿ. ತಮ್ಮ ಹುಣಿಸೆಬೀಜ ಇಟ್ಟು ಆಡಿದ್ದ, ಅಣ್ಣ ಅಡಿಕೆ ಹೋಳು. ಎತ್ತಿದ ಹೋಳನ್ನು ನಡುಮನೆಯಲ್ಲಿ ಇಟ್ಟರೆ ಬಾವಿ ಅವನದು. ಅವನು ಇಡಲಿಲ್ಲ. ಎಲೆಚೀಲದಿಂದ ಅಡಕತ್ತರಿ ತೆಗೆದು ಹೋಳನ್ನು ಎರಡು ಮಾಡಿದ. ಎರಡು ಎಲೆಗೆ ಸುಣ್ಣ ಹಚ್ಚಿ ಒಂದೊಂದು ಚೂರು ಇಟ್ಟು ಮಡಿಸಿದ. ಒಂದನ್ನು ತಮ್ಮನ ಮುಂದೆ ಹಿಡಿದ, ಇನ್ನೊಂದನ್ನು ತನ್ನ ಬಾಯಿಗೆ ಹಾಕಿಕೊಂಡ.

ತಮ್ಮ ಎಲೆಯನ್ನು ನೋಡಿದ. ಅಣ್ಣನ ಮುಖ ನೋಡಿದ. ಆಮೇಲೆ ಅವನೂ ಬಾಯಿಗೆ ಹಾಕಿಕೊಂಡ.

"ಗೆದ್ದೋರು ಯಾರ್ರಪ್ಪಾ?" ಎಂದ ಗೌಡ.

ಇಬ್ಬರ ಬಾಯಲ್ಲೂ ರಸ ತುಂಬಿತ್ತು. ಇಬ್ಬರೂ "ಉಂ" ಎಂದರು.

ಚಾವಡಿಯಲ್ಲಿ ಗದ್ದಲವಾಯಿತು. ಒಂದು ಬಿದ್ದಮೇಲೆ ಅಣ್ಣನೇ ಗೆದ್ದ ಎಂದರು ಕೆಲವರು. ಕಾಯಿ ನಡುಮನೆ ಮುಟ್ಟಲಿಲ್ಲ, ಗೆದ್ದದ್ದು ಹೇಗೆ ಎಂದರು ಕೆಲವರು. ಹಾಗಾದರೆ ತಮ್ಮ ಆಡಿ ಮುಗಿಸಲಿ ಎಂದು ಯಾರೋ ಕೂಗಿದರು. ಎದುರಾಳಿಯ ಕಾಯಿಯಲ್ಲಿ ಅರ್ಧ ತಿಂದವನು ಯಾವ ಬಾಯಲ್ಲಿ ಆಡುತ್ತೇನೆ ಎಂದಾನು?

ಗೌಡ ಕೈ ಎತ್ತಿದ. "ಹಣ್ಣಾಗೋ ಕಾಯೇ ಹೊಟ್ಟೆಗೆ ಹೋಯ್ತು. ಇನ್ನು ಈ ಆಟ ಮುಗಿಯಲ್ಲ. ಮುಗಿಯೋವರ್ಗೂ ಇಬ್ರೂ ಸೇದ್ಬೋದು ಅಂತ ಅವತ್ತೇ ಹೇಳಿದ್ದೀನಿ. ಹೋಗಿ, ಸೇದ್ಕೊಳ್ಳಿ." ಒಂದು ತಿಂಗಳಿಂದ ಹಿಡಿದಿದ್ದ ತಲೆನೋವು ಬಿಟ್ಟ ಹಾಗಾಗಿ ಅವನು ರುಮಾಲು ತೆಗೆದು ಗಾಳಿ ಹಾಕಿಕೊಂಡ.

ತಮ್ಮ ಅಲ್ಲೇ ಕೂತು ಅತ್ತ. ಅಣ್ಣನಿಗೆ ನಗು ತಡೆಯಲಾಗಲಿಲ್ಲ. ಎಲೆಯ ರಸ ಅಂಗಿಯ ಮೇಲೆಲ್ಲ ಸುರಿಯಿತು. ಅಷ್ಟು ನೆಮ್ಮದಿ ಅವರಿಗೆ ಅಪ್ಪ ಹೋದಂದಿನಿಂದ ಆಗಿರಲಿಲ್ಲ.

ಉರಿದುಬಿದ್ದವನು ಬಳೆಗಾರ. "ಥೂ, ಇದೂ ಒಂದು ಕೊನೆಯಾ? ಮೂರು ದಿನ ಹೊಟ್ಟೆಪಾಡು ಬಿಟ್ಟು ಕೂತಿದ್ನಲ್ಲಪ್ಪ!" ಎಂದ. ಅವನು ಹೇಳಿದ್ದರಲ್ಲಿ ಅನ್ಯಾಯವೇನೂ ಇಲ್ಲ. ನೋಡಲು ಕೂತವನಿಗೆ ಕೊನೆ ಬೇಕು. ಮಲಾರವನ್ನು ಹೆಗಲಿಗೇರಿಸಿ ಹೊರಟ. ಬಿಸಿಲು ಇನ್ನೂ ಇತ್ತು. ಕೂಗಾಡಿ ಗಂಟಲು ಒಣಗಿತ್ತು. ಒಂದು ಹಿತ್ತಿಲಲ್ಲಿ ಯಾರೋ ಹೆಂಗಸು ನೀರು ಸೇದುತ್ತಿದ್ದಳು. ಅವನು ಬೊಗಸೆ ಒಡ್ಡಿದ. ಅವನು ಸಾಕೆನ್ನುವವರೆಗೆ ಅವಳು ಹೊಯ್ದಳು. ಹೊಟ್ಟೆ ತುಂಬ ಕುಡಿದು, ಎಷ್ಟು ಸಿಹಿಯಾಗಿದೆ ತಾಯಿ ನೀರು ಎಂದು ಹೇಳಿ, ಬಾಯಿ ಒರೆಸಿಕೊಂಡು, ಹಾಳು ಆಟ ಎಂದು ಬೈಯುತ್ತ ಬೈಯುತ್ತ ತನ್ನ ಊರಿಗೆ ಹೋದ.

ಬುದ್ಧಿಯವರು ಕತೆ ನಿಲ್ಲಿಸಿದರು.

ಚನ್ನವೀರ ನಗುತ್ತಿದ್ದ. ನಿನ್ನೆಯಿಂದ ಎದೆಯಲ್ಲಿ ಕೂತಿದ್ದ ಭಾರ ಇಳಿದಿತ್ತು, ಹಸಿವೂ ಗೊತ್ತಾಗುತ್ತಿತ್ತು. ಆದರೂ ಒಂದು ಮಾತು ಉಳಿದಿತ್ತು.

"ಪಾಪ, ಬಳೆಗಾರ. ಬಾವಿ ಯಾರದಾಯಿತು ಅಂತ ಅವನಿಗೆ ಕೊನೆಗೂ ತಿಳಿಯಲೇ ಇಲ್ಲವಲ್ಲ, ಬುದ್ಧಿ?"

"ಕುಡಿಯುವಾಗ ಅವನು ಅದನ್ನು ಕೇಳಿದನೇನಯ್ಯ?" ಎಂದರು ಬುದ್ಧಿಯವರು.

ಚನ್ನವೀರ ನಗುತ್ತಲೇ ಪ್ರಸಾದಕ್ಕೆ ಎದ್ದ.