ಅಲುಗದ ಗೆರೆ

ಇಳಿಹೊತ್ತು. ಆಕಾಶದ ತುಂಬ ಮೋಡ. ಗಾಳಿಯಿಲ್ಲ, ಮಳೆಯೂ ಇಲ್ಲ. ಹಾಜರಿದ್ದವರು ಮೂವರು: ಗುರು ಮರುಳಯ್ಯ, ಹಿರಿಯ ಶಿಷ್ಯೆ ಹಂಪಮ್ಮ, ಕಿರಿಯ ಶಿಷ್ಯ ವಾಗೀಶ.

ಹೊಳೆದಂಡೆಯ ಆ ಆಶ್ರಮದಲ್ಲಿ ಜಪವಿರಲಿಲ್ಲ, ಪ್ರವಚನವಿರಲಿಲ್ಲ. ಕಾಗದದ ಮೇಲೆ ಬರೆದ ಚಿತ್ರಗಳನ್ನು ಒಂದೊಂದಾಗಿ ಕ್ಯಾಮೆರಾದ ಕೆಳಗಿಟ್ಟು ತೆಗೆದು, ತೆರೆಯ ಮೇಲೆ ಅವುಗಳಿಗೆ ಜೀವ ಬರಿಸುವ ವಿದ್ಯೆಯನ್ನು ಮರುಳಯ್ಯನವರು ಕಲಿಸುತ್ತಿದ್ದರು. ಯಾರ ಹಂಗೂ ಇಲ್ಲದೆ ಒಂದು ಕಿರುಚಿತ್ರವನ್ನು ಮುಗಿಸಿ, ಗುರುವಿನ ಒಪ್ಪಿಗೆ ಪಡೆದವರಿಗೆ ಮಾತ್ರ ಅಲ್ಲಿಂದ ಬಿಡುಗಡೆ.

ವಾಗೀಶ ಅಂದು ತನ್ನ ಚಿತ್ರವನ್ನು ಒಪ್ಪಿಸಬೇಕಿತ್ತು. ಅದು ಅವನ ತಂಗಿ ರೇವತಿಯ ಕಥೆ. ಅವನು ಎಳೆದ ಗೆರೆಗಳಿಗೆ ಬಣ್ಣ ತುಂಬುತ್ತಿದ್ದವಳು ಅವಳೇ. ಹಿಂದಿನ ಚಳಿಗಾಲದಲ್ಲಿ ಕಾಯಿಲೆಯಿಂದ ತೀರಿಕೊಂಡಿದ್ದಳು.

ಹಾಸಿಗೆ ಹಿಡಿದ ಮೇಲೆ ಅವಳು ಹೇಳಿದ್ದಳು: “ಅಣ್ಣಾ, ನನ್ನ ಕಥೆಯನ್ನೇ ಬರಿ. ಕೊನೆಯವರೆಗೂ ಬರಿ. ಅರ್ಧಕ್ಕೆ ಬಿಟ್ಟರೆ ನಿನ್ನ ಜೊತೆ ಮಾತು ಬಿಡುತ್ತೇನೆ.”

ಅವನು ಮಾತು ಕೊಟ್ಟಿದ್ದ.

ಹಂಪಮ್ಮ ಬಾಗಿಲು ಮುಚ್ಚಿದಳು. ತೆರೆ ಬೆಳಗಿತು. ರೇವತಿ ಓಡಿದಳು, ಎಡವಿದಳು, ನಕ್ಕಳು, ಕೆಮ್ಮಿದಳು. ಚಾಪೆಯ ಮೇಲೆ ಮಲಗಿ ಕಣ್ಣು ಮುಚ್ಚಿದಳು. ಆ ಮುಖ ಬಹಳ ಹೊತ್ತು ತೆರೆಯ ಮೇಲಿತ್ತು. ಬಳಿಕ ಕತ್ತಲು.

ಹಂಪಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. “ನನ್ನನ್ನು ಅಳಿಸಿಬಿಟ್ಟೆಯಲ್ಲ, ತಮ್ಮಾ. ಅಡುಗೆಮನೆಯ ಹೊಗೆಗೂ ಆಗದ ಕೆಲಸ.”

ಮರುಳಯ್ಯನವರು ಕೇಳಿದರು: “ಮುಗಿಯಿತೇ?”

“ಮುಗಿಯಿತು, ಗುರುಗಳೇ.”

“ಕೊನೆಗೆ ಏನಾಯಿತು?”

“ತೀರಿಕೊಂಡಳು.”

“ಯಾರು?”

“ರೇವತಿ.”

“ಇಲ್ಲ. ನಿದ್ದೆ ಮಾಡುತ್ತಿದ್ದಾಳೆ. ಇನ್ನು ಸ್ವಲ್ಪ ಹೊತ್ತಿಗೆ ಎದ್ದು ನೀರು ಕೇಳುತ್ತಾಳೆ. ಮತ್ತೆ ತೋರಿಸು.”

ಮತ್ತೆ ತೋರಿಸಿದ. ಈ ಸಲ ಅವನಿಗೂ ಕಂಡಿತು. ಮುಚ್ಚಿದ ಕಣ್ಣಿನ ಕೆಳಗೆ ಕೆನ್ನೆಯ ಗೆರೆ ಮೆಲ್ಲಗೆ ಅಲುಗುತ್ತಿತ್ತು.

“ನಿನ್ನ ಮೊದಲ ಪಾಠವನ್ನು ಹೇಳು,” ಎಂದರು ಗುರು.

ವಾಗೀಶ ಎದ್ದು ನಿಂತು ಹೇಳಿದ: “ಸುಮ್ಮನೆ ಇರುವವರನ್ನು ತೋರಿಸಲು ಒಂದೇ ಹಾಳೆಯನ್ನು ಇಟ್ಟರೆ ಅವರು ತೆರೆಯ ಮೇಲೆ ಕಲ್ಲಾಗುತ್ತಾರೆ. ಅದೇ ಚಿತ್ರವನ್ನು ಹೊಸ ಹೊಸ ಹಾಳೆಗಳ ಮೇಲೆ ಮತ್ತೆ ಎಳೆಯಬೇಕು. ಕೈ ಕೂದಲೆಳೆಯಷ್ಟು ತಪ್ಪುತ್ತದೆ. ಗೆರೆ ಅಲುಗುತ್ತದೆ. ಆ ಅಲುಗಾಟವೇ ಅವರ ಉಸಿರು.”

“ಸತ್ತವರಿಗೆ ಎಷ್ಟು ಹಾಳೆ?”

“ಒಂದು.”

“ನೀನು ಎಷ್ಟು ಬರೆದೆ?”

ವಾಗೀಶ ಮೂಲೆಯಲ್ಲಿದ್ದ ಹಾಳೆಗಳ ಕಟ್ಟನ್ನು ನೋಡಿದ. ಅದು ಮೊಣಕಾಲೆತ್ತರ ಇತ್ತು. “ಅಭ್ಯಾಸಬಲ, ಗುರುಗಳೇ.”

“ಅಭ್ಯಾಸಕ್ಕೆ ಊಟದ ಹೊತ್ತಾದರೂ ತಿಳಿಯುತ್ತದೆ. ನೀನು ಅದನ್ನೂ ಮರೆತು ಬರೆದೆ.”

ಹಂಪಮ್ಮ ನಡುವೆ ಬಂದಳು. “ನೋಡುವವರಿಗೆ ಇದೆಲ್ಲ ಎಲ್ಲಿ ತಿಳಿಯುತ್ತದೆ? ನನಗೇ ಕಾಣಲಿಲ್ಲ.”

“ನಿನ್ನ ಕಣ್ಣಿಗೆ ನೀರು ಅಡ್ಡ ಬಂದಿತ್ತು. ಕೂತುಕೋ.”

ಅವಳು ಕೂತಳು.

ಇಡೀ ಮಳೆಗಾಲ ವಾಗೀಶ ಆ ಮುಖವೊಂದನ್ನೇ ಬರೆದಿದ್ದ. ಗಾಜಿನ ಹಲಗೆಯ ಕೆಳಗೆ ದೀಪ ಹಚ್ಚಿ, ಹಿಂದಿನ ಹಾಳೆಯ ಮೇಲೆ ಹೊಸ ಹಾಳೆ ಹರಡಿದರೆ ಅವಳು ಕೆಳಗಿನಿಂದ ಮೂಡಿ ಬರುತ್ತಿದ್ದಳು. ಬರೆಯುತ್ತಿರುವಷ್ಟು ಹೊತ್ತೂ ಕೋಣೆಯಲ್ಲಿ ಇನ್ನೊಬ್ಬರು ಇರುತ್ತಿದ್ದರು. ಪೆನ್ಸಿಲು ಕೆಳಗಿಟ್ಟರೆ ಅವನೊಬ್ಬನೇ.

ಮರುಳಯ್ಯನವರು ಕಟ್ಟನ್ನು ಎತ್ತಿ ತಂದು ಅವನ ಮುಂದಿಟ್ಟರು. “ಒಂದನ್ನು ಆರಿಸು.”

ವಾಗೀಶ ಹಾಳೆಗಳನ್ನು ತಿರುವಿದ. ಇಳಿಹೊತ್ತು ಸಂಜೆಯಾಯಿತು.

“ಎಲ್ಲವೂ ಒಂದೇ ಮುಖ,” ಎಂದರು ಗುರು.

“ಅಲ್ಲ, ಗುರುಗಳೇ. ಇದರಲ್ಲಿ ಹುಬ್ಬು ಒಂದಿಷ್ಟು ಮೇಲಿದೆ. ನಗು ತಡೆದುಕೊಂಡಾಗ ಹೀಗೆಯೇ ಇರುತ್ತಿದ್ದಳು. ಇದರಲ್ಲಿ ತುಟಿ...”

“ಆರಿಸು.”

ಆರಿಸಿದ. ಹಾಳೆಯನ್ನು ಕ್ಯಾಮೆರಾದ ಕೆಳಗಿಟ್ಟು ಗುಂಡಿಯ ಮೇಲೆ ಬೆರಳಿಟ್ಟ.

“ಒತ್ತು.”

ಒತ್ತಿದ. ಕೂಡಲೇ ಅವನ ಕೈ ತಾನಾಗಿಯೇ ಹಾಳೆ ಬದಲಿಸಲು ಹೋಯಿತು. ಮರುಳಯ್ಯನವರು ಆ ಕೈಯನ್ನು ಹಿಡಿದು ಪಕ್ಕಕ್ಕಿಟ್ಟರು.

“ಅದೇ ಹಾಳೆ. ಒತ್ತು.”

ಒತ್ತಿದ.

“ಒತ್ತು.”

ಹಂಪಮ್ಮ ಮುಖ ತಿರುಗಿಸಿಕೊಂಡಳು. ಕ್ಯಾಮೆರಾದ ಸದ್ದು ಒಂದರ ಹಿಂದೊಂದು ಕೇಳುತ್ತಲೇ ಇತ್ತು. ಗುರು ಸಾಕು ಎನ್ನುವ ಹೊತ್ತಿಗೆ ವಾಗೀಶನ ಅಂಗಿ ಬೆನ್ನಿಗೆ ಅಂಟಿತ್ತು.

ಮೂವರೂ ಮೂರನೆಯ ಸಲ ನೋಡಿದರು. ರೇವತಿ ಓಡಿದಳು, ಎಡವಿದಳು, ನಕ್ಕಳು, ಕೆಮ್ಮಿದಳು, ಮಲಗಿದಳು. ಕಣ್ಣು ಮುಚ್ಚಿತು.

ಗೆರೆ ನಿಂತಿತು.

ಈ ಸಲ ಹಂಪಮ್ಮ ಅಳಲಿಲ್ಲ. ಮನೆಯೊಳಗಿನಿಂದ ಹೆಣ ಹೊರಗೆ ತಂದಾಗ ಏಳುವಂತೆ ಎದ್ದು ನಿಂತಳು.

ತೆರೆ ಕತ್ತಲಾದ ಮೇಲೂ ವಾಗೀಶ ಅತ್ತಲೇ ನೋಡುತ್ತಿದ್ದ. ಬಳಿಕ ತಡವರಿಸಿ ಪೆನ್ಸಿಲನ್ನು ಹುಡುಕಿದ. “ಇನ್ನೊಂದು ಹಾಳೆ, ಗುರುಗಳೇ. ಒಂದೇ ಒಂದು.”

ಮರುಳಯ್ಯನವರು ಪೆನ್ಸಿಲನ್ನು ಅವನ ಬೆರಳುಗಳಿಂದ ಬಿಡಿಸಿಕೊಂಡರು.

“ನಾನೇ ಅವಳ ಉಸಿರು ನಿಲ್ಲಿಸಿದೆ,” ಎಂದ ವಾಗೀಶ.

“ನಿಲ್ಲಿಸಿದೆ,” ಎಂದರು ಮರುಳಯ್ಯನವರು. “ಚಿತ್ರಕ್ಕೆ ಒಪ್ಪಿಗೆ.”