ಚಟ್ಟ ಇಳಿಸುವ ಜಾಗ

"ಗುರುಗಳೇ, ನನ್ನ ತಾತ ರಾಜಧಾನಿಯಿಂದ ಇಲ್ಲಿಗೆ ಬರಲು ತಿಂಗಳುಗಟ್ಟಲೆ ನಡೆದಿದ್ದನಂತೆ. ನಾನು ಬೆಳಿಗ್ಗೆ ಅಲ್ಲಿ ವಿಮಾನ ಹತ್ತಿದೆ, ಮಧ್ಯಾಹ್ನ ನಿಮ್ಮ ಜೊತೆ ಊಟಕ್ಕೆ ಕೂತೆ. ಅಷ್ಟು ದೂರವೂ ಎಲ್ಲಿಗೆ ಹೋಯಿತು?" ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಒಂದೂರಿನಲ್ಲಿ ಒಬ್ಬ ರೈತನಿದ್ದ. ಊರಿಗೂ ಸ್ಮಶಾನಕ್ಕೂ ನಡುವೆ ಹೊಲಗಳಿದ್ದವು. ಆ ಹೊಲಗಳನ್ನು ಕಿತ್ತುಕೊಂಡು ವಿಮಾನ ಇಳಿಯಲು ರನ್‌ವೇ ಮಾಡಿದರು, ಸುತ್ತ ಗೋಡೆ ಕಟ್ಟಿದರು. ದೂರದ ಎರಡು ನಗರಗಳು ಹತ್ತಿರವಾದವು. ಊರಿಗೆ ತನ್ನ ಸ್ಮಶಾನ ದೂರವಾಯಿತು. ಕೂಗಳತೆಯ ಜಾಗಕ್ಕೆ ಗೋಡೆ ಬಳಸಿಕೊಂಡು ಅರ್ಧ ದಿನ ಹೆಣ ಹೊರಬೇಕಾಯಿತು. ರೈತ ತನ್ನ ಅಪ್ಪನನ್ನು ಹಾಗೆಯೇ ಹೊತ್ತ. ಹೆಗಲು ಬಾತುಕೊಂಡಿತು. ಒಳಗೊಂದು ದಾರಿ ಬಿಡಿ ಎಂದು ಊರವರು ಕೈಮುಗಿದು ಕೇಳಿದರು, ಸಿಗಲಿಲ್ಲ.

ಅವನ ತಾಯಿ ಸಾಯುವಾಗ ಹೇಳಿದಳು: "ನನ್ನನ್ನು ಕಳ್ಳರ ಹಾಗೆ ಗೋಡೆ ಸುತ್ತಿಸಬೇಡ ಮಗನೇ. ನಾನು ಬುತ್ತಿ ಹೊತ್ತು ನಡೆದ ದಾರಿಯಲ್ಲೇ ಒಯ್ಯಿ."

ಆ ಊರಿನಲ್ಲಿ ಒಂದು ಪದ್ಧತಿಯಿತ್ತು. ಅರ್ಧ ದಾರಿಯಲ್ಲಿ ಚಟ್ಟ ಇಳಿಸಿ ಹೆಗಲು ಬದಲಿಸಬೇಕು. ಅದಕ್ಕೆ ಮೊದಲು ಎಲ್ಲೂ ಇಳಿಸುವಂತಿಲ್ಲ. ರೈತ ಚಟ್ಟ ಹೊತ್ತು ನೇರವಾಗಿ ವಿಮಾನ ನಿಲ್ದಾಣದ ಹೆಬ್ಬಾಗಿಲಿಗೆ ಬಂದ.

"ಮೊದಲು ಇಳಿಸು, ಆಮೇಲೆ ಮಾತಾಡು" ಎಂದ ಅಧಿಕಾರಿ.

"ಇಳಿಸೋ ಜಾಗ ಒಳಗಿದೆ ಸ್ವಾಮಿ, ನಿಮ್ಮ ಡಾಂಬರಿನ ನಟ್ಟನಡುವೆ" ಎಂದ ರೈತ.

ಬಿಸಿಲೇರಿತು. ಹೊತ್ತ ನಾಲ್ವರೂ ಕದಲಲಿಲ್ಲ. ಊರಿಗೆ ಊರೇ ಅವರ ಬೆನ್ನಿಗೆ ನಿಂತಿತು. ಹಿಂದೆ ಕಾರುಗಳು ಸಾಲುಗಟ್ಟಿದವು. ಒಬ್ಬ ವ್ಯಾಪಾರಿ ಕಾರಿನಿಂದ ತಲೆ ಹೊರಹಾಕಿ ಕಿರುಚಿದ: "ರಾಜಧಾನಿಗೇ ಎರಡು ಗಂಟೆ ಕಣ್ರಯ್ಯಾ! ನೀವು ಬಾಗಿಲಲ್ಲೇ ಮೂರು ಗಂಟೆ ತಿಂದಿರಲ್ಲ!"

"ತಿಂದಿಲ್ಲ ಯಜಮಾನರೇ. ಅದು ನಿಮ್ಮದೇ ಹೊರೆ. ಇಷ್ಟು ವರ್ಷ ನಾವು ಹೊತ್ತೆವು, ಇವತ್ತೊಂದು ಗಳಿಗೆ ನೀವು ಹಿಡಿಯಿರಿ" ಎಂದ ರೈತ. ಅಳುತ್ತಿದ್ದ ಹೆಂಗಸರೂ ನಕ್ಕುಬಿಟ್ಟರು.

ಕೊನೆಗೆ ಬಾಗಿಲು ತೆರೆಯಿತು. ವಿಮಾನಗಳು ನೊಗ ಬಿಚ್ಚಿದ ಎತ್ತುಗಳ ಹಾಗೆ ಸುಮ್ಮನೆ ನಿಂತವು. ತಮಟೆಯವರು ನೆಲ ಅದುರುವಂತೆ ಬಡಿದರು. ನಟ್ಟನಡುವೆ ರೈತ ತಾಯಿಯನ್ನು ಇಳಿಸಿದ, ಹೆಗಲು ಬದಲಿಸಿದ, ನೇರ ನಡೆದ. ಮಣ್ಣು ಮಾಡಿ ಬರುವಾಗ, "ಮುಂದಿನ ಸಾವಿಗೂ ಹೀಗೇ ಬರುತ್ತೇವೆ" ಎಂದು ಅಧಿಕಾರಿಗೆ ಹೇಳಿಯೇ ಹೋದ. ವರ್ಷ ತುಂಬುವುದರೊಳಗೆ ರನ್‌ವೇ ಕೆಳಗೆ ಊರಿಗೊಂದು ಸುರಂಗದಾರಿಯಾಯಿತು. ಕೈಮುಗಿದು ಕೇಳಿದಾಗ ಸಿಗದಿದ್ದ ದಾರಿ, ಹೊತ್ತು ನಿಂತಾಗ ಸಿಕ್ಕಿತು.

ಶಿಷ್ಯನ ಮುಖ ಅರಳಿತು. "ಹಾಗಾದರೆ ದೂರ ಎಲ್ಲಿಗೂ ಹೋಗುವುದಿಲ್ಲ, ಹೊರುವವರು ಬದಲಾಗುತ್ತಾರೆ. ನಾನು ಬಂದ ದೂರವನ್ನು ಯಾರು ಹೊತ್ತರು ಗುರುಗಳೇ?"

ಗುರುಗಳು ಕೇಳಿದರು: "ನೀನು ಇಳಿದ ನೆಲಕ್ಕೆ ಮೊದಲು ಯಾವ ಊರಿನ ಹೆಸರಿತ್ತು, ಹೇಳು."