ಒರಳ ಮೇಲಿನ ವೈಫೈ ಪೆಟ್ಟಿಗೆ

ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ. ಗುಳೇದಗುಡ್ಡದ ಗುರುಬಸವ್ವನಿಗೆ ಆ ದಿನ ಮಗ ಚನವೀರ ಮುದ್ದಾಗಿರಲಿಲ್ಲ. ಅವನನ್ನು ನೋಡಿದರೆ ಮೈ ಉರಿಯುತ್ತಿತ್ತು.

ಸಂಜೆ ಸೊಲ್ಲಾಪುರದ ಸಾವಕಾರ ವಿಡಿಯೋದಲ್ಲಿ ಕುಪ್ಪಸದ ಖಣದ ಹೊಸ ನಮೂನೆ ನೋಡುವವನಿದ್ದ. ಮೆಚ್ಚಿದರೆ ವರ್ಷವಿಡೀ ಮಗ್ಗ ಓಡುತ್ತದೆ, ಇಲ್ಲವಾದರೆ ಮಗ್ಗ ಮಾರಬೇಕು. ನಮೂನೆಗಳಿದ್ದದ್ದು ಹಿತ್ತಲಿನ ಮಗ್ಗದ ಮನೆಯ ಹಳೇ ಕಂಪ್ಯೂಟರುಗಳಲ್ಲಿ. ಅವಕ್ಕೆ ವೈರ್ ಚುಚ್ಚಿದರೇ ನೆಟ್. ವೈಫೈ ಇದ್ದದ್ದು ಅಂಗಳದಾಚೆ ಅವರು ವಾಸವಿದ್ದ ಮುಂದಿನ ಮನೆಯಲ್ಲಿ. ಗಾಳಿಯಲ್ಲಿ ಬರುವ ನೆಟ್ ಹಿಡಿದು ವೈರಿಗೆ ಕೊಡುವ ಪೆಟ್ಟಿಗೆಯೊಂದನ್ನು ಅವಳು ತಂದಿದ್ದಳು. ಎರಡೂ ಮನೆಯ ನಡುವೆ ಇಡು ಎಂದು ಮಗನಿಗೆ ಹೇಳಿದಳು.

ಚನವೀರ ಮಗ್ಗದ ಹಾಸಿನ ನೂಲು ಹಿಡಿದು ಅಂಗಳ ಅಳೆದ. ನೂಲನ್ನು ಎರಡು ಮಡಿಸಿದ. ಸರಿಯಾಗಿ ನಡುವೆ ಸಿಕ್ಕಿದ್ದು ಒರಳು. ಅದರ ಮೇಲೆ ಪೆಟ್ಟಿಗೆ ಇಟ್ಟು ಕೈಕಟ್ಟಿ ಕೂತ. ಒರಳಿಗೆ ಎಲ್ಲಿಯ ಕರೆಂಟು?

ಲಾಳಿ ಹಿಡಿದೇ ಓಡಿ ಬಂದಳು ತಾಯಿ. ಮಗ್ಗದ ಮನೆಯ ಪ್ಲಗ್ಗಿಗೆ ಹಾಕು, ಧೂಳು ಕೂರದಂತೆ ನೋಡಿಕೋ ಎಂದು ಉಗಿದು ಹೋದಳು.

ಅವನು ಪ್ಲಗ್ಗಿಗೆ ಹಾಕಿದ. ಧೂಳು ಕೂರಬಾರದಲ್ಲ, ಮೇಲೆ ಜೋಳದ ಸ್ಟೀಲ್ ಡಬ್ಬಿ ಬೋರಲು ಹಾಕಿದ. ಡಬ್ಬಿಯೊಳಗೆ ನೆಟ್ ಹೊಕ್ಕೀತೇ? ಗುರುಬಸವ್ವ ಡಬ್ಬಿಯನ್ನು ಒದ್ದಳು. ಸುಮ್ಮನೆ ಮನೆಯ ವೈಫೈಗೆ ಜೋಡಿಸು, ಬೇರೆ ಏನೂ ಮಾಡಬೇಡ ಎಂದಳು.

ಆ ವೈಫೈಗೊಂದು ಕತೆಯುಂಟು. ಓಣಿಯವರೆಲ್ಲ ಬಿಟ್ಟಿ ನೆಟ್ ಹೊಡೆಯುತ್ತಾರೆಂಬ ಸಿಟ್ಟಿಗೆ ಅವಳು ಪಾಸ್‌ವರ್ಡನ್ನೇ ‘ಬಿಟ್ಟಿಕಳ್ಳಹೋಗಾಚೆ’ ಎಂದು ಇಟ್ಟಿದ್ದಳು. ಯಾರು ಕೇಳಿದರೂ ಹೇಳಬೇಡ ಎಂದು ಮಗನಿಗೆ ಕಟ್ಟಪ್ಪಣೆಯಾಗಿತ್ತು.

ಕಂಪ್ಯೂಟರ್ ಪಾಸ್‌ವರ್ಡ್ ಕೇಳಿತು. ಚನವೀರ ಕೊಡಲಿಲ್ಲ. ಮತ್ತೆ ಕೇಳಿತು, ಮತ್ತೆ ಕೊಡಲಿಲ್ಲ. ಸಾವಕಾರ ಬರುವ ಹೊತ್ತಾಯಿತು.

“ಯಾಕೋ ಸುಮ್ನ ಕುಂತಿ?”

“ಪಾಸ್‌ವರ್ಡ್ ಕೇಳಾಕತ್ತೈತವ್ವ. ನಾ ಬಾಯಿ ಬಿಟ್ಟಿಲ್ಲ.” ಹೆಮ್ಮೆಯಿಂದ ಹೇಳಿದ.

ಅವಳಿಗೆ ಸಿಟ್ಟು ನೆತ್ತಿಗೇರಿತು. “ನಿನ್ನ ಬಾಯಾಗ ಮಣ್ಣ ಹಾಕ! ಇನ್ನ ಯಾರ ಕೇಳಿದ್ರೂ ಹೇಳಿಬಿಡು!” ಎಂದವಳೇ ಅವನನ್ನು ನೂಕಿ ತಾನೇ ಒತ್ತಿದಳು.

ನೆಟ್ ಬಂತು, ಸಾವಕಾರನೂ ಬಂದ. ಮೊದಲ ನಮೂನೆ ನೋಡಿ ತಲೆದೂಗಿದ. ಗುರುಬಸವ್ವನ ಎದೆ ಹಗುರಾಯಿತು. ಎರಡನೆಯದನ್ನು ತೋರಿಸುವಷ್ಟರಲ್ಲಿ ಅವನ ಮುಖ ಪರದೆಯ ಮೇಲೆ ಕಲ್ಲಾಗಿ ನಿಂತಿತು. ಬಾಗಿಲಿಗೆ ಬಂದು ಕೇಳಿದ ಓಣಿಯವರಿಗೆಲ್ಲ ಚನವೀರ ಪಾಸ್‌ವರ್ಡ್ ಹೇಳಿಬಿಟ್ಟಿದ್ದ. ಅವರೆಲ್ಲ ಜಗಲಿಯ ಮೇಲೆ ಕೂತು ಅದೇ ನೆಟ್ಟಿನಲ್ಲಿ ಕ್ರಿಕೆಟ್ ನೋಡುತ್ತಿದ್ದರು.

ಅವಳು ಕಸಬರಿಗೆ ಹಿಡಿದು ಜಗಲಿಗೆ ಓಡಿದಳು. ಎಲ್ಲರನ್ನೂ ಓಡಿಸಿ ಏದುಸಿರು ಬಿಡುತ್ತ ಮರಳಿದಾಗ ಮಗ ಅವಳ ಫೋನ್ ಕೆಳಗಿಡುತ್ತಿದ್ದ.

“ಯಾರೋ ಅದು?”

“ಸಾವಕಾರ್ರು. ಏನಾತು ಅಂತ ಕೇಳಿದ್ರು.”

“ಏನಂದಿ?”

“ಯಾರ ಕೇಳಿದ್ರೂ ಹೇಳು ಅಂದಿದ್ದಿಯಲ್ಲ, ಪಾಸ್‌ವರ್ಡ್ ಹೇಳಿದೆ. ಪೂರ್ತಿ ಕೇಳಿಸ್ಕೊಳ್ಳದ ಫೋನ್ ಇಟ್ರವ್ವ.”